ಗೇಟಿನ ಬಾಜು ಅವ್ವನ ಹೊಲ

ನಮ್ಮವ್ವ ಐನಾಪುರದ ಒಕ್ಕಲುತನದ ಮನೆಯಲ್ಲಿ ಹುಟ್ಟಿದಳು. ಯಾವ ವರ್ಷ ಎಂದು ಕೇಳಿದರೆ ನಿಜಾಮರು ಇದ್ದಾಗ ಎನ್ನುತ್ತಿದ್ದಳು. ನಿಜಾಮರು ಭಾಳ ವರ್ಷ ಇದ್ದರು, ಹಾಗಾಗಿ ಆ ಉತ್ತರದಿಂದ ಯಾರಿಗೂ ಉಪಯೋಗವಾಗಲಿಲ್ಲ. ಅವಳು ತೀರಿಹೋದಾಗ ಡಾಕ್ಟರು ವಯಸ್ಸು ಕೇಳಿದರು. ನಾನು ಅಂದಾಜಿನ ಮೇಲೆ ಒಂದು ಸಂಖ್ಯೆ ಹೇಳಿದೆ. ಅವರು ನನ್ನ ಮುಖ ನೋಡಿ, ಇರಲಿಕ್ಕಿಲ್ಲ ಎಂದು, ತಾವೇ ಇನ್ನೂ ಜಾಸ್ತಿ ಬರೆದುಕೊಂಡರು. ಇಷ್ಟು ದೀರ್ಘ ಕಾಲ ಬದುಕಿದ ಹೆಂಗಸು ತನ್ನ ಜೀವನದ ಬಗ್ಗೆ ಹೇಳಿಕೊಳ್ಳುತ್ತಿದ್ದ ತಕರಾರು ಒಂದೇ ಒಂದು: ತನಗೆ ಹೊಲ ಇರಲಿಲ್ಲ.

ತವರಿನಲ್ಲಿ ಹೊಲ ಇತ್ತು. ಚಿಂಚೋಳಿ ಕಡೆಯ ಆ ಹೊಲದಲ್ಲಿ ಅವಳು ಕಳೆ ತೆಗೆದಿದ್ದಳು, ತೊಗರಿ ಬಡಿದಿದ್ದಳು, ಜೋಳದ ತೆನೆಗೆ ಬರುವ ಹಕ್ಕಿಗಳಿಗೆ ಕೂಗು ಹಾಕಿ ಹಾಕಿ ಗಂಟಲು ದೊಡ್ಡದು ಮಾಡಿಕೊಂಡಿದ್ದಳು. ಆ ಗಂಟಲು ಕೊನೆಯತನಕ ಸಣ್ಣದಾಗಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಮದುವೆಯ ಮಾತು ಬಂದಾಗ ಅವಳ ಅಪ್ಪ ರೈಲ್ವೆಯ ಗೇಟ್‌ಮನ್ ಒಬ್ಬನನ್ನು ಗೊತ್ತುಮಾಡಿದ. ಅವನ ಲೆಕ್ಕ ಸರಳವಾಗಿತ್ತು: "ಮಳಿ ಆದ್ರೂ ಪಗಾರ, ಆಗದಿದ್ರೂ ಪಗಾರ." ಅವ್ವ ಅಡಿಗೆಮನೆಯಲ್ಲಿ ತನ್ನ ಅವ್ವನನ್ನು ಮೆಲ್ಲಗೆ ಕೇಳಿದಳಂತೆ, "ಹೊಲ ಎಷ್ಟದಂತ?" ಆ ಮುದುಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೊಲ ಯಾಕವ್ವಾ, ರೈಲೇ ಅದಲ್ಲ" ಎಂದಳಂತೆ. ಈ ಮಾತನ್ನು ಅವ್ವ ಸಾಯುವತನಕ ಕ್ಷಮಿಸಲಿಲ್ಲ.

ಗೇಟು ಇದ್ದದ್ದು ಚಿತ್ತಾಪುರಕ್ಕೂ ಸೇಡಮ್ಮಿಗೂ ನಡುವೆ. ಸುತ್ತ ಕಣ್ಣು ಹರಿಯುವಷ್ಟು ಎರೆ ಹೊಲ, ಎಲ್ಲಾ ಮಂದಿಯವು. ನಮ್ಮದು ಒಂದು ಖೋಲಿ, ಒಂದು ಪಡಸಾಲಿ, ಹೊರಗೆ ಗೇಟು, ಗೇಟಿನಾಚೆ ಹಳಿ. ವಾಡಿಯಿಂದ ಬಂದ ಗಾಡಿ ಸೇಡಂ ಕಡೆ ಹೋಗುತ್ತಿತ್ತು, ಸೇಡಂ ಕಡೆಯಿಂದ ಬಂದದ್ದು ವಾಡಿಗೆ ಹೋಗುತ್ತಿತ್ತು. ಬೇರೆ ಏನೂ ಆಗುತ್ತಿರಲಿಲ್ಲ. ಮನೆಯಲ್ಲಿ ಗಡಿಯಾರ ಅಪ್ಪನದು ಮಾತ್ರ, ಅದನ್ನು ಮುಟ್ಟುವ ಹಾಗಿರಲಿಲ್ಲ. ಅವ್ವನಿಗೆ ಅದು ಬೇಕಾಗಲೂ ಇಲ್ಲ. ಬೆಳಗಿನ ಗೂಡ್ಸ್ ಹೋದರೆ ಒಲೆ ಹಚ್ಚುವುದು, ಪ್ಯಾಸೆಂಜರ್ ಹೋದರೆ ನನ್ನನ್ನು ಎಬ್ಬಿಸಿ ಬೈಯುವುದು, ಮಧ್ಯಾಹ್ನದ ಗಾಡಿ ಹೋದ ಮೇಲೆ ಕಾಲು ಚಾಚುವುದು. ಯಾವ ಗಾಡಿ ಎಷ್ಟೊತ್ತಿಗೆ ಬರುತ್ತದೆಂಬುದು ಅವಳ ಮೈಯಲ್ಲೇ ಇತ್ತು.

ಅಪ್ಪನ ಬಗ್ಗೆ ಹೇಳಬೇಕೆಂದರೆ, ಅವನು ರೂಲ್ ಪ್ರಕಾರ ನಡೆಯುವ ಮನುಷ್ಯ. ಸ್ಟೇಶನ್ನಿನಿಂದ ಫೋನು ಬಂದರೆ ಗೇಟು ಹಾಕುವುದು, ಗಾಡಿ ದಾಟಿದ ತಕ್ಷಣ ತೆಗೆಯುವುದು. ಹಾಕುವುದರಲ್ಲಿ ತಡವಿಲ್ಲ, ತೆಗೆಯುವುದರಲ್ಲಿ ತಡವಿಲ್ಲ. ಮಾತಾಡುವುದರಲ್ಲಿ ಮಾತ್ರ ಭಾಳ ತಡ. ಅವ್ವ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಕೊಟ್ಟದ್ದುಂಟು. ಒಮ್ಮೆ ರೈಲ್ವೆ ಸಾಹೇಬರೊಬ್ಬರ ಅಳಿಯ ಜೀಪಿನಲ್ಲಿ ಬಂದು ಗೇಟು ತೆಗಿ ಎಂದು ಕೂಗಾಡಿದಾಗ ಅಪ್ಪ ಹಸಿರು ಬಾವುಟವನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹಳಿಯನ್ನೇ ನೋಡುತ್ತ ನಿಂತ. ಗಾಡಿ ಹೋದ ಮೇಲೆ ತೆಗೆದ. ಅಳಿಯ ಹೋಗುವಾಗಲೂ ಬೈದ. ಅಪ್ಪ ಅವನಿಗೂ ಒಂದು ಸಲಾಂ ಹೊಡೆದ.

ಇನ್ನು ಎಳ್ಳ ಅಮವಾಸ್ಯೆ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಆ ದಿನ ಒಕ್ಕಲುತನದವರು ಮನೆಯಲ್ಲಿ ಉಣ್ಣುವುದಿಲ್ಲ. ಹಸಿ ಕಾಳು, ಸೊಪ್ಪು ಎಲ್ಲಾ ಕೂಡಿಸಿ ಕಡಲೆ ಹಿಟ್ಟು ಹಾಕಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಕಟ್ಟಿಕೊಂಡು ಎತ್ತಿನ ಬಂಡಿಯಲ್ಲಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಕೂರಿಸಿ ಪೂಜೆ ಮಾಡುತ್ತಾರೆ. ಹೊಲದ ತುಂಬ ಚರಗ ಚೆಲ್ಲುತ್ತಾರೆ, ಅಂದರೆ ಮಾಡಿದ ಅಡಿಗೆಯನ್ನು ಮೊದಲು ಭೂಮಿಗೆ ಉಣಿಸುತ್ತಾರೆ. ಆಮೇಲೆ ತಾವು ಉಣ್ಣುತ್ತಾರೆ. ಅವತ್ತು ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡಬಾರದು, ಕರೆದವರ ಹೊಲಕ್ಕೆ ಕಾಲಿಡದೆ ಹೋಗಬಾರದು. ಹೊಟ್ಟೆ ಬಿರಿಯುವಂತಿದ್ದರೂ ಒಂದು ತುತ್ತು ಉಣ್ಣಲೇಬೇಕು.

ಅವ್ವ ಗೇಟಿಗೆ ಬಂದ ಮೊದಲ ವರ್ಷ, ಆ ದಿನ ಇಳಿಹೊತ್ತಿನಲ್ಲಿ, ಹೊಲದಿಂದ ತಿರುಗಿದ ಬಂಡಿಗಳು ಗೇಟಿನ ಹತ್ತಿರ ನಿಂತಿದ್ದವು. ಮುಂದಿನ ಬಂಡಿ ಸಮೀಪದ ಹಳ್ಳಿಯ ದೊಡ್ಡ ಮನೆಯವರದು. ಆ ಮನೆಯ ಗೌಡತಿ, ಒಳ್ಳೆಯ ಹೆಂಗಸು, ಪಡಸಾಲಿಯಲ್ಲಿ ನಿಂತಿದ್ದ ಹೊಸ ಮದುಮಗಳನ್ನು ನೋಡಿ ಕರೆದು, ಉಳಿದ ಕಡುಬು ರೊಟ್ಟಿಯ ಗಂಟು ಕೈಗಿಟ್ಟಳು. "ತಗೋ ತಂಗಿ, ಹೊಲ ಇಲ್ಲದವರು ನೀವು, ನಿಮಗೆಲ್ಲಿಂದ ಬರಬೇಕು" ಎಂದಳು. ಅದರಲ್ಲಿ ಒಂಚೂರೂ ಕುಹಕ ಇರಲಿಲ್ಲ. ಅದೇ ಅವ್ವನಿಗೆ ತಡೆಯಲಾಗದ್ದು. ಕುಹಕ ಇದ್ದಿದ್ದರೆ ತಿರುಗಿ ನಾಲ್ಕು ಮಾತು ಅನ್ನಬಹುದಿತ್ತು. ಗಂಟು ಹಿಡಿದುಕೊಂಡು ನಿಂತಳು. ಗಾಡಿ ಹೋಯಿತು, ಅಪ್ಪ ಗೇಟು ತೆಗೆದ, ಬಂಡಿಗಳು ಹೋದವು. ಅವ್ವ ಆ ಗಂಟನ್ನು ಹಳಿ ಕೆಲಸದ ಗ್ಯಾಂಗಿನವರಿಗೆ ಕೊಟ್ಟು, ತಾನು ತಂಗಳು ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡಳಂತೆ. ಅಳುತ್ತ ಉಂಡೆ, ಕಣ್ಣೀರು ಖಾರದ್ದು ಎಂದು ನಿಮ್ಮಪ್ಪ ತಿಳಿದ ಎಂದು ನನಗೆ ಹೇಳಿದ್ದಳು.

ಮರುದಿನ ಅವಳು ಮನೆಯ ಬಾಜೂಕೆ ಅಗೆಯಲು ಶುರುಮಾಡಿದಳು.

ಹಳಿಗೂ ಬೇಲಿಗೂ ನಡುವೆ ಒಂದು ಪಟ್ಟಿ ಖಾಲಿ ಜಾಗವಿತ್ತು. ಉದ್ದವಿತ್ತು, ಅಗಲಕ್ಕೆ ಎರಡು ಸೀರೆ ಹಾಸಿದರೆ ಮುಗಿಯಿತು. ಜಾಗ ರೈಲ್ವೆಯದು. ಅಪ್ಪ ಭಾಳ ಹೊತ್ತು ವಿಚಾರ ಮಾಡಿ ಹೇಳಿದ: "ಸೊಪ್ಪು ಹಾಕು. ಕಡ್ಲಿ ಹಾಕು. ತೊಗರಿ ಮನಿ ಹಿಂದ ಹಾಕು. ಜ್ವಾಳ ಬ್ಯಾಡ."

"ಜ್ವಾಳ ಇಲ್ಲದ್ದು ಹೊಲ ಏನ್ರಿ ಅದು?"

"ಜ್ವಾಳ ಎತ್ತರ ಆಗ್ತದ. ಡ್ರೈವರಿಗಿ ಗೇಟ್ ಕಾಣಬೇಕು."

ಇದೊಂದು ವಿಷಯದಲ್ಲಿ ಅವರ ಜಗಳ ನನ್ನ ಬಾಲ್ಯ ಪೂರ್ತಿ, ಆಮೇಲೂ ನಡೆಯಿತು. ಈ ನಡುವೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ಆಮೇಲೆ ಆ ರಾಜ್ಯದ ಹೆಸರು ಕರ್ನಾಟಕ ಆಯಿತು. ಅಪ್ಪ ಎರಡೂ ಸಲ ಸುದ್ದಿ ತಂದು ಹೇಳಿದ. ಅವ್ವ ಎರಡೂ ಸಲ ಕೇಳಿದ್ದು ಒಂದೇ: "ಈಗರೆ ಜ್ವಾಳ ಹಾಕಬಹುದೇನು?"

ಹೊಲ ಅಂದ ಮೇಲೆ ಪಾಂಡವರು ಬೇಕು. ಎರೆ ಮಣ್ಣಿನಲ್ಲಿ ಕಲ್ಲು ಸಿಗುವುದು ಕಷ್ಟ, ಆದರೆ ಹಳಿಯ ಕೆಳಗೆ ಜಲ್ಲಿ ಕಲ್ಲು ಬೇಕಾದಷ್ಟು. ಅವ್ವ ಐದನ್ನು ಆರಿಸಿ ತಂದಳು. ಅಪ್ಪ ಡ್ಯೂಟಿಯಿಂದ ಒಳಗೆ ಬಂದು ನೋಡಿ, "ಇದು ರೈಲ್ವೆ ಮಾಲು" ಎಂದ. ಅವ್ವ, "ಪಾಂಡವರಿಗಿ ಕಳ್ಳರು ಅಂತೀರೇನು?" ಎಂದಳು. ಕೊನೆಗೆ ಒಂದು ರಾಜಿ ಆಯಿತು. ಪೂಜೆ ಮುಗಿದು ಸಂಜೆಯಾಗುವುದರೊಳಗೆ ಕಲ್ಲುಗಳು ತಮ್ಮ ಜಾಗಕ್ಕೆ ಹೋಗಬೇಕು. ಹಾಗೆ ಪ್ರತಿ ವರ್ಷ ಅಪ್ಪ ಆ ಐದು ಕಲ್ಲನ್ನು ಟವಲಿನಲ್ಲಿ ಕಟ್ಟಿಕೊಂಡು ಹೋಗಿ ಹಳಿಗೆ ಸೇರಿಸಿ ಬರುತ್ತಿದ್ದ. ಪಾಂಡವರು ಒಂದು ದಿನ ರಜೆ ಮುಗಿಸಿ ಡ್ಯೂಟಿಗೆ ಹಾಜರ್.

ಒಂದು ವರ್ಷ ಅಮವಾಸ್ಯೆಯ ಮರುದಿನ ಇನ್ಸ್‌ಪೆಕ್ಷನ್ ಟ್ರಾಲಿ ಬಂತು. ಸುಣ್ಣ ಹಚ್ಚಿದ ಕಲ್ಲು ಕಂಡು ಸಾಹೇಬರು ಟ್ರಾಲಿ ನಿಲ್ಲಿಸಿದರು. ಹಳಿಯಲ್ಲಿ ಏನೋ ದೋಷವಿದೆ, ಯಾರೋ ಗುರುತು ಮಾಡಿಟ್ಟಿದ್ದಾರೆ ಎಂದುಕೊಂಡು, ಬಗ್ಗಿ ನೋಡಿದರು, ಬಡಿದು ನೋಡಿದರು, ಗ್ಯಾಂಗಿನವರನ್ನು ಕರೆಸಿ ನೋಡಿಸಿದರು. ಏನೂ ಸಿಗಲಿಲ್ಲ. ಅಪ್ಪ ಅಟೆನ್ಷನ್‌ನಲ್ಲಿ ನಿಂತಿದ್ದ. ಸಾಹೇಬರು, "ಗುರುತು ಯಾರು ಮಾಡಿದ್ದು?" ಎಂದರು. ಅಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಪಾಂಡವರು ಸಾಬ್" ಎಂದ. ಸಾಹೇಬರು ಬೇರೆ ಸೀಮೆಯವರು. ಅವರು ಅವನನ್ನು ಸ್ವಲ್ಪ ಹೊತ್ತು ನೋಡಿ, ಬಿಸಿಲು ಭಾಳ ಇದೆ, ಟೊಪ್ಪಿಗೆ ಹಾಕಿಕೋ ಎಂದು ಹೇಳಿ ಹೋದರು. ಮುಂದಿನ ವರ್ಷದಿಂದ ಅಪ್ಪ ಕಲ್ಲು ತೊಳೆದು ಇಡತೊಡಗಿದ.

ಇಷ್ಟೆಲ್ಲಾ ಮಾಡಿದ್ದು ಆ ಗೌಡತಿಗಾಗಿ. ಅದನ್ನು ಅವ್ವ ಮುಚ್ಚಿಟ್ಟವಳಲ್ಲ. ಆ ಹೆಂಗಸು ಬಂಡಿ ಇಳಿದು ತನ್ನ ಹೊಲಕ್ಕೆ ಕಾಲಿಟ್ಟು ಒಂದು ತುತ್ತು ಉಣ್ಣಬೇಕು, ಅಷ್ಟೇ. ಗ್ಯಾಂಗಿನವರು ಉಣ್ಣುತ್ತಿದ್ದರು, ದಾರಿಹೋಕರು ಉಣ್ಣುತ್ತಿದ್ದರು, ಒಮ್ಮೆ ಒಬ್ಬ ಭಜಂತ್ರಿ ಶಹನಾಯಿ ಸಮೇತ ಬಂದು ಉಂಡುಹೋದ. ಅವ್ವನ ಲೆಕ್ಕಕ್ಕೆ ಅವರು ಯಾರೂ ಬರಲಿಲ್ಲ. ಹೊಲ ಇದ್ದವರು ಬಂದು ಉಂಡರೆ ಹೊಲ ಹೊಲವಾಗುತ್ತದೆ, ಇಲ್ಲದಿದ್ದರೆ ಅದು ರೈಲ್ವೆಯವರ ಖಾಲಿ ಜಾಗ.

ಪ್ರತಿ ವರ್ಷ ಒಂದೇ ಕಥೆ. ಇಳಿಹೊತ್ತಿಗೆ ಗೌಡತಿಯ ಬಂಡಿ ಬಂದು ಗೇಟಿಗೆ ನಿಲ್ಲುತ್ತಿತ್ತು. ಅವ್ವ ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು ಓಡುತ್ತಿದ್ದಳು. "ಇಳೀರಿ ಅಕ್ಕಾರ, ನಮ್ಮ ಹೊಲಕ್ಕ ಬಂದು ಒಂದ್ ತುತ್ತು ಉಂಡು ಹೋಗ್ರಿ."

"ಉಂಡೇ ಬಂದೀವಿ ತಂಗಿ." ಗೌಡತಿ ಕುಳಿತಲ್ಲಿಂದಲೇ ನಗುತ್ತಿದ್ದಳು.

"ಹಂಗನಬ್ಯಾಡ್ರಿ, ಇವತ್ತ ಹಂಗ ಹೋಗಬಾರದು."

ಗೌಡತಿ ಕಡಲೆ ಗಿಡಗಳ ಕಡೆ ಒಮ್ಮೆ ನೋಡಿ, ಸೆರಗು ಎತ್ತಿಕೊಂಡು, ಇಳಿಯಲೋ ಬೇಡವೋ ಎಂಬಂತೆ ಒಂದು ಕಾಲು ಚಾಚುವ ಹೊತ್ತಿಗೆ ಸರಿಯಾಗಿ ಗಾಡಿ ಧಡಧಡ ದಾಟುತ್ತಿತ್ತು, ಅಪ್ಪ ತಕ್ಷಣ ಗೇಟು ತೆಗೆಯುತ್ತಿದ್ದ, ಎತ್ತುಗಳು ಹೊರಡುತ್ತಿದ್ದವು. "ಮುಂದಿನ ವರ್ಷ ನೋಡೋಣ ತಂಗಿ" ಎಂದು ಗೌಡತಿ ಗಂಟು ಕೈಗಿಟ್ಟು ಹೋಗಿಬಿಡುತ್ತಿದ್ದಳು. ಆ ಸಂಜೆ ಮನೆಯಲ್ಲಿ ಪಾತ್ರೆಗಳು ಜೋರಾಗಿ ಮಾತಾಡುತ್ತಿದ್ದವು.

"ಒಂದು ಗಳಿಗಿ ತಡಾ ಮಾಡಿದ್ರ ನಿಮ್ಮ ರೈಲ್ವಿ ಮುಳುಗ್ತಿತ್ತೇನ್ರಿ?"

"ರೂಲ್ ಅದ."

"ಆಕಿ ಇಳ್ಯಾಕಿ ಇದ್ಲು. ಕಾಲ್ ತೆಗದಿದ್ಲು, ನಾ ನೋಡೀನಿ."

"ಗಾಡಿ ಹ್ವಾದ ಮ್ಯಾಲ ತೆಗೀಬೇಕು."

ನನಗೆ ಬುದ್ಧಿ ಬಂದ ಮೇಲೆ ನಾನು ಅವ್ವನ ಪಕ್ಷ ಸೇರಿದೆ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಈ ಮನುಷ್ಯನಿಗೆ ಹೆಂಡತಿಗಿಂತ ಗೇಟೇ ಹೆಚ್ಚು ಎಂದು ಅವನ ಮುಖದ ಮುಂದೆಯೇ ಅಂದಿದ್ದೇನೆ. ಅಪ್ಪ ಗಡಿಯಾರಕ್ಕೆ ಕೀಲಿ ಕೊಡುತ್ತ ಕೂತಿದ್ದ. ಕೊಟ್ಟು ಮುಗಿಸಿ ಎದ್ದುಹೋದ. ಉತ್ತರ ಸಂಜೆಗಾದರೂ ಬರುತ್ತದೆ ಎಂದು ಕಾದೆ. ಬರಲಿಲ್ಲ.

ನನ್ನ ಮದುವೆಯಾಯಿತು. ಸೇಡಮ್ಮಿಗೇ ಕೊಟ್ಟರು. ಮಕ್ಕಳಾದವು, ಅವ್ವ ಆಯಿ ಆದಳು, ಅಪ್ಪ ಮುತ್ಯಾ ಆದ. ರಜೆಗೆ ಹೋದಾಗ ಅವ್ವ ಮೊಮ್ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ, "ಇಲ್ಲಿಂದ ಅಲ್ಲೀತನಕ ನಮ್ಮ ಹೊಲ" ಎಂದು ತೋರಿಸುತ್ತಿದ್ದಳು. ಮಕ್ಕಳು ಆ ಕಡೆಯಿಂದ ಈ ಕಡೆ ಒಂದೇ ಜಿಗಿತಕ್ಕೆ ದಾಟುತ್ತಿದ್ದವು. "ಅಡ್ಡ ದಾಟಬ್ಯಾಡ್ರೋ, ಉದ್ದ ಓಡ್ರಿ" ಎಂದು ಗದರಿಸುತ್ತಿದ್ದಳು. ಉದ್ದ ಓಡಿದರೆ ಖರೇನೇ ಹೊಲ ಅನ್ನಿಸುತ್ತಿತ್ತು.

ಅಪ್ಪ ರಿಟೈರ್ ಆಗುವ ವರ್ಷ ಬಂತು. ಚಳಿಗಾಲ ಮುಗಿಯುವುದರೊಳಗೆ ಖೋಲಿ ಬಿಡಬೇಕು. ಖೋಲಿ ಬಿಟ್ಟರೆ ಹೊಲವೂ ಹೋಯಿತು. ಅವ್ವ ಅತ್ತು ಕರೆದು ಏನೂ ಮಾಡಲಿಲ್ಲ. ಆ ಸಲದ ಎಳ್ಳ ಅಮವಾಸ್ಯೆಗೆ ನೀ ಬರಲೇಬೇಕು ಎಂದು ಮಾತ್ರ ಹೇಳಿಕಳಿಸಿದಳು. ಹೋದೆ. ಎಂದೂ ಇಲ್ಲದಷ್ಟು ಭಜ್ಜಿ ಮಾಡಿದ್ದಳು. ಅದರಲ್ಲಿನ ಕಡಲೆ, ತೊಗರಿ, ಸೊಪ್ಪು ಎಲ್ಲ ಆ ಪಟ್ಟಿಯಲ್ಲೂ ಮನೆಯ ಹಿಂದೆಯೂ ಬೆಳೆದದ್ದು. ಚರಗ ಚೆಲ್ಲಿದೆವು. ಜಾಗ ಅಷ್ಟು ಸಣ್ಣದಾದ್ದರಿಂದ ಪ್ರತಿ ಸಲದ ಹಾಗೆ ಅರ್ಧ ಹಳಿಯ ಮೇಲೆ ಬಿತ್ತು, ಪ್ರತಿ ಸಲದ ಹಾಗೆ ಅಪ್ಪ ಅದನ್ನು ಬಳಿದು ತೆಗೆದ. ಅವ್ವ ಹಾದಿ ನೋಡುತ್ತ ಕೂತಳು. ಅವಳ ಮುಖ ನೋಡಲಾಗದೆ ನಾನು ಕೂಸಿಗೆ ಉಣಿಸುವ ನೆಪ ಮಾಡಿದೆ.

ಅವತ್ತು ಇಳಿಹೊತ್ತಿನ ಗಾಡಿ ತನ್ನ ಹೊತ್ತಿಗೇ ಹೋಗಿಬಿಟ್ಟಿತು. ಬಂಡಿಗಳೇ ತಡ. ಗಾಡಿ ದಾಟಿದ ಮೇಲೆ ದೂರದಲ್ಲಿ ಧೂಳು ಕಾಣಿಸಿತು, ಗೌಡತಿಯ ಎತ್ತುಗಳ ಗೆಜ್ಜೆ ಕೇಳಿಸಿತು. ಇನ್ನು ಗೇಟು ತೆರೆದೇ ಇದೆ, ಬಂಡಿ ನಿಲ್ಲುವುದೂ ಇಲ್ಲ. ಅವ್ವ ಎದ್ದವಳು ಹಾಗೇ ಕೂತುಬಿಟ್ಟಳು. "ಹೋಗ್ಲಿ ಬಿಡು" ಎಂದಳು.

ಆಗ ಗೇಟು ಬಿತ್ತು.

ಫೋನು ಬಂದಿರಲಿಲ್ಲ. ಅಷ್ಟು ಸಣ್ಣ ಖೋಲಿಯ ಬಾಜೂಕೆ ಫೋನು ಬಂದರೆ ಸತ್ತವರಿಗೂ ಕೇಳಿಸುತ್ತದೆ. ಅಪ್ಪ ಗೇಟು ಹಾಕಿ, ಟೊಪ್ಪಿಗೆ ಸರಿಮಾಡಿಕೊಂಡು, ಹಸಿರು ಬಾವುಟ ಹಿಡಿದು ವಾಡಿಯ ದಿಕ್ಕಿಗೆ ಮುಖ ಮಾಡಿ ನಿಂತ. ಬಂಡಿ ಬಂದು ನಿಂತಿತು.

ಬಂಡಿ ಹೊಡೆಯುವವನು ಕೇಳಿದ, "ಯಾವ ಗಾಡಿರಿ?"

"ಬರಲಿಕತ್ತದ" ಎಂದ ಅಪ್ಪ.

"ಗೂಡ್ಸ್ ಏನ್ರಿ?"

"ಹೇಳ್ಲಿಕ್ಕ ಬರಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು. ಆ ಹೊತ್ತಿನಲ್ಲಿ ಯಾವ ಗಾಡಿಯೂ ಇಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸೆರಗು ಸರಿಮಾಡಿಕೊಂಡು ಎದ್ದು ಬಂಡಿಯ ಹತ್ತಿರ ಹೋದಳು. "ಇಳೀರಿ ಅಕ್ಕಾರ" ಎಂದಳು. ಗೌಡತಿ ಉಂಡೇ ಬಂದೀವಿ ಎಂದಳು. ಬಿಸಿಲಿತ್ತು, ಎತ್ತುಗಳು ತಲೆ ಕೊಡವುತ್ತಿದ್ದವು. ಗಾಡಿ ಬರಲಿಲ್ಲ. ಮೊದಲು ಬಂಡಿಯ ಹುಡುಗರು ಜಿಗಿದು ಬಂದು ಉಣ್ಣಲು ಕೂತರು. ಗಾಡಿ ಬರಲಿಲ್ಲ. ಬಂಡಿ ಹೊಡೆಯುವವನು ಇಳಿದು ಬಂದ. ಗಾಡಿ ಬರಲೇ ಇಲ್ಲ. ಅಪ್ಪ ಹಳಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಅಷ್ಟು ನಿಷ್ಠೆಯಿಂದ ಅವನು ಬರುವ ಗಾಡಿಯನ್ನೂ ಕಾಯ್ದಿರಲಿಲ್ಲ.

ಕೊನೆಗೆ ಗೌಡತಿ, "ಅಯ್ಯ, ಎಷ್ಟೊತ್ತ ಕುಂದರೋದು" ಎನ್ನುತ್ತ ಮಂಡಿ ಹಿಡಿದುಕೊಂಡು ಇಳಿದಳು. ಅವಳಿಗೂ ವಯಸ್ಸಾಗಿತ್ತು. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಳು. ಹೊಲಕ್ಕೆ ಹೋಗುವವರು ಹಾಗೇ ಬಿಡುವುದು. ಅವ್ವ ಅದನ್ನು ನೋಡಿದಳು. ತಾಟು ಇಟ್ಟು ಬಡಿಸಿದಳು. ಗೌಡತಿ ಉಂಡಳು, ಇನ್ನೊಂದು ಸೌಟು ಹಾಕಿಸಿಕೊಂಡು ಉಂಡಳು.

"ತೊಗರಿ ಭಾಳ ಸವಿ ಅದ ತಂಗಿ. ನಿಮ್ಮ ಹೊಲದ್ದೇನು?"

"ಹೌದ್ರಿ" ಎಂದಳು ಅವ್ವ. "ನಮ್ಮ ಹೊಲದ್ದು."

ಹೋಗುವಾಗ ಗೌಡತಿ ಗಂಟು ಕೊಡಲಿಲ್ಲ. ತನ್ನ ಗಡಿಗೆಯ ಭಜ್ಜಿಯನ್ನು ಅವ್ವನ ಗಡಿಗೆಗೆ ಸುರಿದು, ಅವ್ವನದನ್ನು ತನ್ನದಕ್ಕೆ ಹಾಕಿಸಿಕೊಂಡಳು. ಹೊಲದವರು ಹೊಲದವರಿಗೆ ಕೊಡುವುದು ಹೀಗೆ. ಅವಳು ಬಂಡಿ ಹತ್ತಿದ ಮೇಲೆ ಅಪ್ಪ ಬಾವುಟ ಮಡಿಚಿ, ಗೇಟು ತೆಗೆದ. ಬಂಡಿ ಹೊಡೆಯುವವನು ಹಳಿಯ ಆ ಕಡೆ ಈ ಕಡೆ ನೋಡಿ, "ಗಾಡಿ?" ಎಂದ.

"ಲೇಟ್ ಅದ" ಎಂದ ಅಪ್ಪ.

ಅವತ್ತು ಪಾತ್ರೆಗಳು ಸದ್ದು ಮಾಡಲಿಲ್ಲ. ಅಪ್ಪನಿಗೆ ಬಡಿಸುತ್ತ ಅವ್ವ ಕೇಳಿದಳು, "ಗಾಡಿ ಬಂತೇನ್ರಿ?" ಅವನು ತಾಟಿನಿಂದ ಮುಖ ಎತ್ತಲಿಲ್ಲ. "ಲೇಟ್ ಅದ" ಎಂದ. ಅವ್ವ ಅವನ ರೊಟ್ಟಿಯ ಮೇಲೆ ಇನ್ನೊಂದಿಷ್ಟು ತುಪ್ಪ ಸುರಿದಳು. ನಾನು ಹೊರಗೆ ಹೋಗಿ ಕೂಸನ್ನು ಎತ್ತಿಕೊಂಡು ಅತ್ತೆ.

ಅವರು ಸೇಡಮ್ಮಿಗೆ ಬಂದರು. ಮಗಳ ಮನೆಯಲ್ಲಿ ಇರಬಾರದೆಂದು ನಮ್ಮ ಮನೆಯ ಎದುರಿಗೆ ಒಂದು ಖೋಲಿ ಬಾಡಿಗೆಗೆ ಹಿಡಿದು, ಮೂರು ಹೊತ್ತೂ ನಮ್ಮ ಮನೆಯಲ್ಲೇ ಇದ್ದರು. ಬರುವ ಮುಂಚೆ ಅವ್ವ ಆ ಐದು ಕಲ್ಲು ತರುತ್ತೇನೆಂದು ಹಠ ಮಾಡಿದಳು. ಅಪ್ಪ ಕೊಡಲಿಲ್ಲ, ತೊಳೆದು ಹಳಿಗೆ ಹಾಕಿ ಬಂದ. ಸೇಡಮ್ಮಿನ ಮನೆ ಅಂಗಳದ ತುಂಬ ಹಾಸಿದ ಶಹಾಬಾದ ಪರಸಿ ಕಲ್ಲು. ಬೆರಳೂರಲು ಮಣ್ಣಿಲ್ಲ. ಅವ್ವ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ನನಗೇ ಆಶ್ಚರ್ಯ. ಎಳ್ಳ ಅಮವಾಸ್ಯೆಗೆ ಯಾರು ಕರೆದರೂ ಹೋಗುತ್ತಿದ್ದಳು, ಉಣ್ಣುತ್ತಿದ್ದಳು, ಗಂಟು ಕೊಟ್ಟರೆ ನಗುತ್ತ ತರುತ್ತಿದ್ದಳು. "ನಮ್ಮ ಹೊಲದಾಗೂ ಭಾಳ ಮಂದಿ ಉಂಡಾರ" ಎಂದು ಅವರಿಗೆ ಹೇಳಿ ಬರುತ್ತಿದ್ದಳು. ಮನೆಗೆ ಬಂದು ಅಪ್ಪನಿಗೆ ಬಡಿಸುವಾಗ ಕೇಳುತ್ತಿದ್ದಳು, "ಗಾಡಿ ಬಂತೇನ್ರಿ?" ಅಪ್ಪ, "ಲೇಟ್ ಅದ" ಎನ್ನುತ್ತಿದ್ದ. ಇಬ್ಬರೂ ನಗುತ್ತಿರಲಿಲ್ಲ. ನನ್ನ ಮಕ್ಕಳು ಇದು ಹಬ್ಬದ ಮಂತ್ರ ಎಂದುಕೊಂಡಿದ್ದವು.

ಅಪ್ಪ ಒಂದು ಮಳೆಗಾಲದಲ್ಲಿ ಹೋದ. ಅದೇ ವರ್ಷ ಎಳ್ಳ ಅಮವಾಸ್ಯೆ ಬಂದಾಗ ಅವ್ವ ಏನೂ ಮಾಡಲಿಕ್ಕಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಭಜ್ಜಿ ಕುದಿಯುತ್ತಿತ್ತು. ಯಾರ ಹೊಲಕ್ಕೂ ಹೋಗಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದಳು. ಗೋಡೆಯ ಹತ್ತಿರ ಅಪ್ಪ ಕೂರುತ್ತಿದ್ದ ಜಾಗ ಖಾಲಿ ಇತ್ತು, ಅಲ್ಲಿ ಯಾರೂ ಕೂತಿರಲಿಲ್ಲ. ಬಡಿಸುತ್ತ ಬಡಿಸುತ್ತ ಅಲ್ಲಿಗೆ ಬಂದು ನಿಂತಳು. ಸೌಟು ಕೈಯಲ್ಲೇ ಇತ್ತು.

"ಗಾಡಿ ಬಂತೇನ್ರಿ?" ಎಂದಳು.

ಮಕ್ಕಳು ಉಣ್ಣುವುದನ್ನು ನಿಲ್ಲಿಸಿದವು. ನನ್ನ ಗಂಡ ನನ್ನ ಕಡೆ ನೋಡಿದರು. ಅವಳನ್ನು ಹಾಗೇ ನಿಲ್ಲಿಸಲಾಗಲಿಲ್ಲ.

"ಲೇಟ್ ಅದ ಅವ್ವಾ" ಎಂದೆ.

ಅವ್ವ ಸೌಟು ಕೆಳಗಿಟ್ಟಳು. "ಹಂಗಾದ್ರ ನಾ ಉಂಡು ಬಿಡ್ತೀನಿ" ಎಂದು, ಅಪ್ಪನ ಜಾಗದಲ್ಲಿ ಕೂತು, ತಾಟು ಎಳೆದುಕೊಂಡಳು.